ಸಿಂಪಡಿಸುವ ಯಂತ್ರಕ್ಕೆ ನೀರು ತುಂಬತಕ್ಕ ಕ್ರಮ

ಮಲೆನಾಡಿನ ಅಡಕೆಯ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ಹೊಸದೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಈ ರೋಗದ ಕಾರಣವನ್ನು ಪರಿಶೋಧಿಸಿ, ಈ ಮದ್ದನ್ನು ಬಳಕೆಗೆ ತಂದರು. ಮದ್ದನ್ನು ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂಬುದು ತೋಟದ ಒಡೆಯರಿಗೆ ಚೆನ್ನಾಗಿ ತಿಳಿದಿದೆ. ಪೀಪಾಯಿಗೆ ನೀರು ತುಂಬುವುದು ಮಾತ್ರ ಆಳುಗಳ ಪಾಲಿಗೆ ಬಿಟ್ಟ ಕೆಲಸವಾಗಿದೆ. ಆದರೆ ಮದ್ದೂ ಕುಡಿಯುವ ನೀರೂ ಒಂದಕ್ಕೊಂದು ಅತಿ ಸಮೀಪಕ್ಕೆ ಬರುವುದು ಈ ಕೆಲಸದಲ್ಲಿಯೇ.

ಮೈಲುತುತ್ತವನ್ನು ಹಾಕಿದ ಪೀಪಾಯಿಯೊಳಕ್ಕೆ ಪಂಪಿನ ರಬ್ಬರು ಕೊಳವೆಯ ತುದಿಯನ್ನು ಇಳಿಬಿಟ್ಟು ಆಳು ಬೇರೆ ಕಡೆಗೆ ಹೋಗಿರುತ್ತಾನೆ. ಪೀಪಾಯಿ ಮುಕ್ಕಾಲು ತುಂಬುವ ಹೊತ್ತಿಗೆ ವಿದ್ಯುತ್ತು ನಿಲ್ಲುತ್ತದೆ. ಕೊಳವೆಯಲ್ಲಿರುವ ನೀರು ತನ್ನ ಭಾರದಿಂದಲೇ ಬಾವಿಗೆ ಹಿಂದಿರುಗುತ್ತದೆ. ತುದಿಯು ಮುಳುಗಿರುವುದರಿಂದ ಅದರ ಬೆನ್ನಿಗೇ ಮದ್ದಿನ ನೀರೂ ಎಳೆಯಲ್ಪಡುತ್ತದೆ. ಬಾವಿಯ ನೀರು ಪೀಪಾಯಿಗಿಂತ ಕೆಳಗಿರುವುದರಿಂದ, ಕೊಳವೆಗೆ ಗಾಳಿ ಸೇರುವವರೆಗೂ ಈ ಹರಿವು ನಿಲ್ಲದು. ಇದನ್ನು ತಡೆಯುವುದಕ್ಕೆಂದೇ ಫುಟ್‌ವಾಲ್ವು ಇರುವುದು ನಿಜ. ಆದರೆ ಒಂದು ಕಸದ ಚೂರು ಸಿಕ್ಕಿಕೊಂಡರೂ ಅದು ಪೂರ್ತಿಯಾಗಿ ಮುಚ್ಚಲಾರದು. ದಿನ ಬೆಳಗಾದರೆ ಪಂಪಿಗೆ ನೀರು ಹೊಯ್ದು ಚಾಲೂ ಮಾಡಬೇಕಾದ ತೋಟಗಳಲ್ಲಿ ಆ ವಾಲ್ವಿನ ಯೋಗ್ಯತೆಯನ್ನು ಬೇರೆ ಹೇಳಬೇಕಾದುದಿಲ್ಲ.

ಇದಕ್ಕೆ ಪರಿಹಾರವು ಕಾಸಿನ ಖರ್ಚಿಲ್ಲದುದು. ಕೊಳವೆಯ ತುದಿಯನ್ನು ಒಂದು ಗೂಟಕ್ಕೆ ಕಟ್ಟಿ, ಪೀಪಾಯಿಯ ಬಾಯಿಗಿಂತ ಒಂದು ಗೇಣು ಮೇಲಿರುವಂತೆ ನಿಲ್ಲಿಸತಕ್ಕದ್ದು. ಆಗ ಪಂಪು ನಿಂತರೂ ಕೊಳವೆಯು ಗಾಳಿಯನ್ನೇ ಹೀರುವುದಲ್ಲದೆ ಮದ್ದನ್ನು ಹೀರುವುದಿಲ್ಲ. ಇದಕ್ಕಿಂತಲೂ ಉತ್ತಮವಾದುದೆಂದರೆ, ಬರಿಯ ನೀರಿಗೆಂದು ಬೇರೊಂದು ಪೀಪಾಯಿಯನ್ನಿಟ್ಟು, ಅದರಿಂದ ಬಕೀಟಿನಲ್ಲಿ ಮೊಗೆದು ಹಾಕುವುದು. ಆ ಬಕೀಟು ಮದ್ದಿಗೆ ಮುಟ್ಟಕೂಡದು. ಮನೆಯ ಕೊಡಪಾನವನ್ನಂತೂ ತರಲೇಕೂಡದು.

ಮದ್ದು ಕಲಸುವ ಸ್ಥಳವು ಬಾವಿಯ ಕಟ್ಟೆಯಾಗಲಿ ಹಳ್ಳದ ದಂಡೆಯಾಗಲಿ ಆಗಿರಬಾರದು. ಚೆಲ್ಲಿದ್ದು ನೀರಿನ ಕಡೆಗೆ ಹರಿಯದಂತೆ, ಬಾವಿಗಿಂತ ತಗ್ಗಿನಲ್ಲಿ, ದೂರವಾಗಿ ಒಂದು ಜಾಗವನ್ನು ಗೊತ್ತುಮಾಡತಕ್ಕದ್ದು. ನೂರು ಲೀಟರು ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವೂ ಒಂದು ಕಿಲೋ ಸುಟ್ಟ ಸುಣ್ಣವೂ ಬೇಕು. ಇವೆರಡನ್ನೂ ಐವತ್ತೈವತ್ತು ಲೀಟರು ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಅನಂತರ ಕೂಡಿಸುವುದು ರೂಢಿ. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಆಗದು. ತಾಮ್ರದ ಈ ಉಪ್ಪು ಮೀನುಗಳಿಗೆ ಪರಮ ವಿಷವಾದುದರಿಂದ ಪೀಪಾಯಿಗಳನ್ನು ಹಳ್ಳದಲ್ಲಿ ತೊಳೆಯುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಬೇರೆ ಕೀಟನಾಶಕಗಳಲ್ಲಿ ಹಲವು ಮನುಷ್ಯರಿಗೆ ಇದಕ್ಕಿಂತ ಕ್ರೂರವಾದವು. ಅವನ್ನು ಬಳಸುವಾಗ ಮೊದಲು ಅರ್ಧ ನೀರು, ಆಮೇಲೆ ಅಳೆದ ಮದ್ದು, ಕಡೆಗೆ ಉಳಿದ ನೀರು ಎಂಬ ಕ್ರಮವನ್ನು ಅನುಸರಿಸಬೇಕು. ಬರಿದಾದ ಸೀಸೆಯನ್ನು ಮೂರಾವರ್ತಿ ಗಲಬರಿಸಿ, ಆ ನೀರನ್ನೂ ಯಂತ್ರಕ್ಕೇ ಸುರಿಯತಕ್ಕದ್ದು. ಕದಡುವುದು ಕೋಲಿನಿಂದ, ಕೈಯಿಂದಲ್ಲ.

ಬೆನ್ನಿಗೆ ಹೊರುವ ಯಂತ್ರವಾದರೆ ಸಮತಟ್ಟಾದ ಕಲ್ಲಿನ ಮೇಲಿಟ್ಟು, ಜರಡಿಯ ಮೂಲಕ ತಿಳಿನೀರನ್ನೇ ತುಂಬಬೇಕು. ರಾಡಿ ನೀರಿನಿಂದ ಮೂತಿ ಕಟ್ಟುತ್ತದೆ. ಕಟ್ಟಿದ ಮೂತಿಯನ್ನು ಆಳು ಬಾಯಿಂದ ಊದುತ್ತಾನೆ. ಹದಿನಾರು ಲೀಟರಿನ ಯಂತ್ರದಲ್ಲಿ ನೀರಿನ ತೂಕವೇ ಹದಿನಾರು ಕಿಲೋ. ಮುಚ್ಚಳದ ರಬ್ಬರು ಹರಿದಿದ್ದರೆ, ಅಷ್ಟನ್ನು ಹೊತ್ತು ಬಗ್ಗಿದವನ ಬೆನ್ನೆಲ್ಲ ಮದ್ದಿನಿಂದ ತೊಯ್ಯುತ್ತದೆ. ಮೊದಲು ಬರಿಯ ನೀರು ತುಂಬಿ ಸೋರುವುದೋ ಎಂದು ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಮದ್ದು ಬಾವಿಗೆ ಇಳಿದಿರಬಹುದೆಂಬ ಸಂಶಯ ಬಂದರೆ ಒಡನೆ ಪಂಪನ್ನು ನಿಲ್ಲಿಸಿ, ಜನರೂ ದನಗಳೂ ಆ ನೀರನ್ನು ಮುಟ್ಟದಂತೆ ಕಾವಲಿಟ್ಟು, ಆರೋಗ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಬಣ್ಣ ಬದಲಾಗಿಲ್ಲ, ವಾಸನೆಯಿಲ್ಲ ಎಂದು ಸುಮ್ಮನಿರುವುದು ಸರಿಯಲ್ಲ. ರುಚಿ ನೋಡುವುದಂತೂ ಅವಿವೇಕ. ಬೈಗುಳಕ್ಕೆ ಹೆದರಿ ಆಳು ಸಂಗತಿಯನ್ನು ಮುಚ್ಚಿಟ್ಟರೆ, ಸಂಜೆಯ ಹೊತ್ತಿಗೆ ಊರಿನ ಹೆಂಗಸರು ಅದೇ ಬಾವಿಗೆ ಕೊಡವಿಳಿಸಿರುತ್ತಾರೆ. ಆದಕಾರಣ, ತಪ್ಪನ್ನು ಬಂದು ಹೇಳಿದವನ ಕೂಲಿಯನ್ನು ಹಿಡಿಯುವುದಿಲ್ಲವೆಂದು ಮುಖಂಡರೂ ಒಡೆಯರೂ ಕೆಲಸ ಹಿಡಿಸುವ ದಿನವೇ ಎಲ್ಲರೆದುರಿಗೆ ಹೇಳಿಡತಕ್ಕದ್ದು.