‘ಕುರಿ’ ಶಬ್ದದ ವಿಚಾರ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಳೆ ಕಡಮೆ; ಬೇಸಾಯದೊಡನೆ ಕುರಿಸಾಕಣೆಯೂ ಅಲ್ಲಿನ ಬದುಕಿಗೆ ಆಧಾರ. ಚಳ್ಳಕೆರೆಯ ಕಂಬಳಿ ಹೆಸರಾದುದು. ಆಂಧ್ರದ ಗಡಿಗೆ ಹೊಂದಿದ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳು. ಒಬ್ಬನು ‘ಕುರಿ’ ಎಂದುದನ್ನು ನೆರೆಯವನು ‘ಗೊರ್ರೆ’ ಎನ್ನುತ್ತಾನೆ. ಇವುಗಳಲ್ಲಿ ಒಂದು ಇನ್ನೊಂದರ ಅಪಭ್ರಂಶವೆಂದು ಭಾವಿಸುವುದು ಸುಲಭ. ಗಡಿನಾಡಿನ ಮಾತೆಲ್ಲ ಬೆರಕೆಯೆಂಬ ತಾತ್ಸಾರಕ್ಕೂ ಆ ಭಾವನೆ ಎಡೆಗೊಡುತ್ತದೆ. ಶಬ್ದಗಳ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ.

ಹಳಗನ್ನಡದಲ್ಲಿ ಈ ಪದದ ರೂಪ ‘ಕುಱಿ’. ತಮಿಳಿನ ‘ಕೊಱಿ’, ತೆಲುಗಿನ ‘ಗೊಱ್ಱೆ’ಗಳಲ್ಲಿಯೂ ಅದೇ ಶಕಟರೇಫ. ಕನ್ನಡದಲ್ಲಿ ಅದು ಕಾಲಕ್ರಮದಲ್ಲಿ ಸಾಮಾನ್ಯ ರೇಫದೊಡನೆ ಬೆರೆತುಹೋದುದರಿಂದ ನಂಟು ಇಂದಿನ ಬರೆಹದಲ್ಲಿ ಮರೆಯಾಗಿದೆ. ಇನ್ನು ಸ್ವರದ ಮಾತು. ಮುಂದಿನ ಅಕ್ಷರದಲ್ಲಿ ಇಕಾರ ಉಕಾರಗಳಿದ್ದಾಗ ಮೊದಲಿನ ಎ, ಒ ಸ್ವರಗಳು ಕನ್ನಡದಲ್ಲಿ ಇ, ಉ ಆಗುವುದುಂಟು: ತಮಿಳಿನ ‘ಎಲಿ’ ನಮ್ಮಲ್ಲಿ ‘ಇಲಿ’. ಒಕಾರವೇ ಮೊದಲಿನದು, ತೆಲುಗು ಅದನ್ನು ಉಳಿಸಿಕೊಂಡು ಕಕಾರವನ್ನು ಗಕಾರವಾಗಿಸಿತು, ಕನ್ನಡ ಕಕಾರವನ್ನು ಉಳಿಸಿಕೊಂಡು ಸ್ವರವನ್ನು ಬದಲಿಸಿತು. ಕನ್ನಡದ ‘ಕುಱಿ’ಯಿಂದ ತೆಲುಗಿನ ರೂಪವನ್ನಾಗಲಿ, ಅದರಿಂದ ಇದನ್ನಾಗಲಿ ಸಾಧಿಸುವುದು ಕಷ್ಟ. ಎರಡೂ ಒಂದೇ ಮೂಲದ ದಾಯಾದಿಗಳು. (ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನಗಳು ಎಷ್ಟೇ ಹಳೆಯವಾದರೂ ಪ್ರಾಕೃತದವು, ಈ ವಿಚಾರದಲ್ಲಿ ನಮಗೆ ನೆರವಾಗವು.)

ಅರ್ಥದಲ್ಲಿಯೂ ಒಂದು ವಿಶೇಷವುಂಟು. ತಮಿಳಿನಲ್ಲಿ ‘ಆಡು’ ಎಂಬುದು ಕುರಿ, ಮೇಕೆಗಳೆರಡಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಅದು ಮೇಕೆಗೆ ಮಾತ್ರ.

ವ್ಯಾಕರಣದಲ್ಲಿ ಈ ದಾಯಾದಿಗಳು ಇನ್ನೂ ದೂರ ಸರಿದಿವೆ. ‘ಕುರಿ’ ನಪುಂಸಕಲಿಂಗ, ಗಂಡಿಗೆ ‘ಟಗರು’ ಎಂಬ ಬೇರೆ ಪದವಿದ್ದರೂ ‘ಟಗರು ಬಂದಿತು’ ಎಂದೇ ಪ್ರಯೋಗ. ಸಂಖ್ಯಾವಾಚಕದ ಮುಂದೆ ಕನ್ನಡವು ಬಹುವಚನ ಪ್ರತ್ಯಯವನ್ನು ಸಾಮಾನ್ಯವಾಗಿ ಬೇಡದು: ‘ನೂರು ಕುರಿ ಬಂದವು’. ಇಲ್ಲಿ ಬಹುತ್ವವನ್ನು ಕ್ರಿಯಾಪದವೇ ಹೊರುತ್ತದೆ. ತೆಲುಗಿನಲ್ಲಿ ನಾಮಪದವೂ ಬಹುವಚನದಲ್ಲಿರಬೇಕು: ‘ನೂರು ಗೊರ್ರೆಲು’. ಸಮಾಸದಲ್ಲಿಯೂ ಹಾಗೆಯೇ. ‘ಕುರಿಗಾಹಿ’, ‘ಕುರಿಮಂದೆ’ಗಳಲ್ಲಿ ಪ್ರಕೃತಿ ಬರಿದಾಗಿ ನಿಂತರೆ, ತೆಲುಗಿನವರು ‘ಗೊರ್ರೆಲ ಕಾಪರಿ’ ಎಂದು ಬಹುವಚನದ ಷಷ್ಠಿಯನ್ನು ಬಳಸುತ್ತಾರೆ. ಎರಡು ಮಾತನ್ನೂ ಬಲ್ಲ ಚಳ್ಳಕೆರೆಯ ಕುರಿಗಾಹಿ ಈ ಎರಡು ನಿಯಮಗಳನ್ನು ಯಾವ ವ್ಯಾಕರಣ ಗ್ರಂಥದ ಸಹಾಯವೂ ಇಲ್ಲದೆ ಪಾಲಿಸುತ್ತಾನೆ.