ಸೋತವನಿಗೂ ಮುಂದಿನ ಭಾನುವಾರವೊಂದಿರಲಿ

1990ರ ದಶಕದ ನಡುಭಾಗದಲ್ಲಿ, ಅವಿಭಜಿತ ವಿಜಾಪುರ ಜಿಲ್ಲೆಯ ಇಂಡಿ ಉಪವಿಭಾಗದಲ್ಲಿ ಸೇವೆಯಲ್ಲಿದ್ದಾಗ, ಹಳ್ಳಿಯೊಂದರ ಜಾತ್ರೆಯಲ್ಲಿ ಸೈಕಲ್ ಸ್ಪರ್ಧೆಗೆ ನಿಶಾನೆ ತೋರುವ ಅವಕಾಶ ನನಗೆ ಒದಗಿತ್ತು. ತೆರಬಂಡಿ, ಗುಂಡು ಎತ್ತುವುದು, ಕುಸ್ತಿ ಇವುಗಳ ನಡುವೆ ಅದೂ ಒಂದು. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡುಗಳನ್ನು ಬಿಚ್ಚಿ ಹಗುರಗೊಳಿಸಿದ ಸಾಮಾನ್ಯ ಸೈಕಲ್ಲುಗಳು; ಬರಿಗಾಲಿನ ಸವಾರರು. ಎರಡನೆಯವನಾಗಿ ಬಂದ, ಹದಿನಾಲ್ಕರ ಆಸುಪಾಸಿನ ಬಾಲಕನನ್ನು "ಸೈಕಲ್ ಯಾರದಪ್ಪಾ?" ಎಂದು ಕೇಳಿದೆ. "ಹಾಲಿನವರದ್ರಿ ಸಾಹೇಬ್ರ, ಸಂಜೀಕ ತಿರುಗಿ ಕೊಡಬೇಕ್ರಿ" ಎಂದ. ಮರುವರ್ಷ ಅದೇ ಜಾತ್ರೆಯಲ್ಲಿ ಅವನನ್ನು ಹುಡುಕಿದೆ. ಮನೆಯವರೊಂದಿಗೆ ಗೋವಾಕ್ಕೆ ದುಡಿಯಲು ಹೋಗಿದ್ದಾನೆಂದು ತಿಳಿಯಿತು.

ಅರ್ಥಶಾಸ್ತ್ರದ ತರಗತಿಯಲ್ಲಿ 'ಅವಕಾಶ ವೆಚ್ಚ'ದ ವ್ಯಾಖ್ಯಾನವನ್ನು ಕಂಠಪಾಠ ಮಾಡಿದ್ದ ನನಗೆ ಅದರ ಅರ್ಥ ಹೊಳೆದದ್ದು ಅಂದು. ಬಡವರ ಮನೆಯಲ್ಲಿ ಮಗುವಿನ ಆಟಕ್ಕೂ ಒಂದು ಬೆಲೆಯುಂಟು. ಅದನ್ನು ತೆರಲಾಗದಾಗ ಪ್ರತಿಭೆ ಗುಳೆ ಹೋಗುತ್ತದೆ.

ಈ ಸೀಮೆ ಸೈಕ್ಲಿಂಗಿಗೆ ಹೆಸರಾದದ್ದು ಆಕಸ್ಮಿಕವೇನಲ್ಲ. ಎರೆಭೂಮಿಯ ಬಯಲು, ದೃಷ್ಟಿ ಹಾಯುವವರೆಗೆ ನೆಟ್ಟಗೆ ಸಾಗುವ ರಸ್ತೆಗಳು, ಎದುರುಗಾಳಿಗೆ ಮೈಯೊಡ್ಡಿ ಶಾಲೆಗೆ ಮೈಲುಗಟ್ಟಲೆ ತುಳಿಯುವ ಮಕ್ಕಳು: ತರಬೇತಿಯ ಅರ್ಧ ಭಾಗವನ್ನು ಭೂಗೋಳವೇ ನೀಡುತ್ತದೆ. ಉಳಿದರ್ಧವನ್ನು ಒದಗಿಸಿದ್ದು ಕ್ರೀಡಾ ವಸತಿನಿಲಯಗಳು. ವಿಜಯಪುರ ಹಾಗೂ ಬಾಗಲಕೋಟೆಯ ನಿಲಯಗಳಲ್ಲಿ ಊಟ, ವಸತಿ, ತರಬೇತಿ ದೊರೆತ ಒಕ್ಕಲು ಮಕ್ಕಳು ರಾಷ್ಟ್ರೀಯ ಕೂಟಗಳಲ್ಲಿ ಪದಕಗಳನ್ನು ಗೆದ್ದಿದ್ದಾರೆ. ಕ್ರೀಡಾ ಕೋಟಾದಡಿ ರೈಲ್ವೆಯಲ್ಲೊಂದು ನೌಕರಿ ದೊರೆತರೆ ಮನೆಯೇ ಉದ್ಧಾರವಾದೀತೆಂಬ ಆಸೆಯೂ ಈ ಪೆಡಲುಗಳ ಹಿಂದಿನ ಶಕ್ತಿಯಾಗಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ಗೆ ವಿಜಯಪುರವೇ ಆತಿಥ್ಯ ವಹಿಸಿತು. ಆದರೆ ನಗರದ ಹೊರವಲಯದ ಭೂತನಾಳದ ಬಳಿಯ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನೂ ಇದೇ ಉಸಿರಿನಲ್ಲಿ ನೆನೆಯಬೇಕಾಗುತ್ತದೆ.

ಜಿಲ್ಲಾ ಕೇಂದ್ರದ ಈ ಕೀರ್ತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಗೆ ಎಷ್ಟರಮಟ್ಟಿಗೆ ತಲುಪಿದೆ ಎಂಬುದೇ ನನ್ನ ಪ್ರಶ್ನೆ. ನಮ್ಮ ಶಾಲಾ ಕ್ರೀಡೆಯ ವ್ಯವಸ್ಥೆ ಒಂದು ಏಣಿಯಂತಿದೆ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟ 1954ರಲ್ಲಿ ಸ್ಥಾಪನೆಯಾದಂದಿನಿಂದ ಈ ಏಣಿಯ ತುದಿ ರಾಷ್ಟ್ರಮಟ್ಟವನ್ನು ಮುಟ್ಟಿದೆ. ಏಣಿ ತಪ್ಪಲ್ಲ, ಆದರೆ ಮೊದಲ ಮೆಟ್ಟಿಲಲ್ಲೇ ಜಾರಿದವನಿಗೆ ಅಲ್ಲಿ ಬೇರೆ ಕೆಲಸವಿಲ್ಲ. ತಾಲ್ಲೂಕು ಮಟ್ಟದ ಕೊಕ್ಕೊದಲ್ಲಿ ಹದಿನಾರು ತಂಡಗಳು ಸೇರಿದರೆ, ಒಂದೇ ಪಂದ್ಯವಾಡಿ ಎಂಟು ತಂಡಗಳು ಊರ ಬಸ್ಸು ಹತ್ತುತ್ತವೆ. ಆ ಮಕ್ಕಳ ವರ್ಷದ ಕ್ರೀಡೆ ಅಲ್ಲಿಗೆ ಮುಗಿಯಿತು. ಗೆಲ್ಲುವವರನ್ನು ಆರಿಸುವುದಕ್ಕೆ ಇದು ಅಗ್ಗದ ವಿಧಾನ, ಗೆಲ್ಲಬಲ್ಲವರನ್ನು ಬೆಳೆಸುವುದಕ್ಕಲ್ಲ.

ಕೆನಡಾದ ಕಿರಿಯರ ಐಸ್ ಹಾಕಿ ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತ. ಅಲ್ಲಿ ಮೂರು ಪ್ರಾದೇಶಿಕ ಲೀಗುಗಳಲ್ಲಿ ಸುಮಾರು 60 ತಂಡಗಳಿವೆ; ಅನೇಕವು ಸಣ್ಣ ಪಟ್ಟಣಗಳವು. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಆಟಗಾರರು ಒಂದು ಋತುವಿನಲ್ಲಿ ಅರವತ್ತಕ್ಕೂ ಹೆಚ್ಚು ಪಂದ್ಯಗಳನ್ನಾಡುತ್ತಾರೆ. ದೂರದಿಂದ ಬಂದ ಹುಡುಗರಿಗೆ ಊರಿನ ಕುಟುಂಬಗಳೇ ಆಶ್ರಯ ನೀಡುತ್ತವೆ. ಸೋತ ತಂಡವೂ ಮುಂದಿನ ವಾರ ಮತ್ತೆ ಅಂಗಳಕ್ಕಿಳಿಯುತ್ತದೆ. ಹಿಮವಾಗಲಿ ಆ ಹಣವಾಗಲಿ ನಮ್ಮಲ್ಲಿಲ್ಲ, ನಿಜ. ಆದರೆ ಮೇಲಿಂದ ಮೇಲೆ ಆಡಿಸುವ ಆ ಪದ್ಧತಿಯನ್ನು ಎರವಲು ತರಲು ಹಿಮ ಬೇಕಿಲ್ಲ.

ನನ್ನ ಸಲಹೆ ಸರಳವಾದುದು. ನವೆಂಬರಿನಿಂದ ಫೆಬ್ರುವರಿಯವರೆಗೆ, ಬಿಸಿಲೇರುವ ಮೊದಲು, ಹದಿನೈದು ದಿನಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಕಿರಿಯರ ಸೈಕಲ್ ಸರಣಿಯೊಂದು ಈ ಪಟ್ಟಣಗಳಲ್ಲಿ ಸರದಿಯಂತೆ ನಡೆಯಲಿ. ಪ್ರತಿ ಓಟಕ್ಕೂ ಅಂಕಗಳಿರಲಿ. ಕೊನೆಯಲ್ಲಿ ಒಟ್ಟು ಅಂಕವೇ ನಿರ್ಣಾಯಕವಾಗಲಿ. ತಂಡಗಳಿಗೇನೂ ಕೊರತೆಯಿಲ್ಲ. ಹಳೆಯ ನಾಲ್ಕು ತಾಲ್ಲೂಕುಗಳು ಇಂದು ಒಡೆದು ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳೂ ತಾಲ್ಲೂಕು ಕೇಂದ್ರಗಳಾಗಿವೆ. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ ಮಾತ್ರವೇ ಆಗಬೇಕೆ? ಹೊಸದೊಂದು ತಂಡವೂ ಆಗಬಾರದೇಕೆ?

ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಸುರಕ್ಷತೆ. ಕೃಷ್ಣೆಯ ನೀರು ಹರಿದ ಮೇಲೆ ಕಬ್ಬು ಬಂತು. ಚಳಿಗಾಲವೆಂದರೆ ಕಬ್ಬು ನುರಿಸುವ ಕಾಲ. ಹಿಂಬದಿಗೆ ದೀಪವಿಲ್ಲದ ಜೋಡಿ ಟ್ರೇಲರುಗಳ ಮಗ್ಗುಲಲ್ಲಿ, ಮಂಜು ಮುಸುಕಿದ ನಸುಕಿನಲ್ಲಿ ಮಕ್ಕಳು ಅಭ್ಯಾಸ ನಡೆಸುವುದನ್ನು ಕಂಡು ನನ್ನ ಎದೆ ನಡುಗಿದೆ. ಆದ್ದರಿಂದ ಈ ಓಟಗಳು ಹೆದ್ದಾರಿಯಲ್ಲಿ ಬೇಡ. ಪಟ್ಟಣದೊಳಗೆ ಎರಡು ಗಂಟೆ ವಾಹನ ಸಂಚಾರ ನಿಲ್ಲಿಸಿ, ಒಂದೆರಡು ಕಿಲೋಮೀಟರಿನ ಸುತ್ತಿನಲ್ಲಿ ಓಟ ನಡೆಸಿದರೆ ಬೆರಳೆಣಿಕೆಯ ಪೊಲೀಸರು, ಒಂದು ಆಂಬುಲೆನ್ಸ್ ಸಾಕು. ಜನರಿಗೂ ಪ್ರತಿ ಸುತ್ತಿನಲ್ಲಿ ತಮ್ಮೂರ ಮಕ್ಕಳು ಕಾಣಸಿಗುತ್ತಾರೆ.

ಎರಡನೆಯದು ಸಮಾನತೆ. ಕಾರ್ಬನ್ ಚೌಕಟ್ಟಿನ ರೇಸಿಂಗ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ಒಣಬೇಸಾಯದ ಕುಟುಂಬಕ್ಕೆ ಅದು ಕನಸೇ ಸರಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಿರಿಯರು ಬಳಸುವ ಗೇರಿಗೆ ಒಂದು ಮಿತಿಯಿತ್ತು: ಪೆಡಲಿನ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ಮುಂದೆ ಸಾಗುವಂತಿರಲಿಲ್ಲ. 2023ರಿಂದ ಆ ಮಿತಿಯೂ ಹೋಗಿದೆ. ನಮ್ಮ ಸರಣಿಯಲ್ಲಾದರೂ ಗೇರಿಲ್ಲದ ಸಾಮಾನ್ಯ ಸೈಕಲ್ಲಿಗೇ ಪ್ರತ್ಯೇಕ ವಿಭಾಗವಿರಲಿ. ಬಾಲಕಿಯರಿಗೆ ಸರಿಸಮಾನ ಬಹುಮಾನವಿರಲಿ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿಗೆ ಸ್ವಂತದ ಹ್ಯಾಂಡಲ್ ಬಂದಿತ್ತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತದ್ದು ಶಾಲೆಗಷ್ಟೇ ಅಲ್ಲ, ಕ್ರೀಡೆಗೂ ಆದ ನಷ್ಟ.

ಕುಡಿಯುವ ನೀರು, ಶಾಲಾ ಕೊಠಡಿಗಳಿಗೇ ಹಣವಿಲ್ಲದಿರುವಾಗ ಸೈಕಲ್ ಓಟವೇ ಎಂದು ಕೇಳುವವರಿದ್ದಾರೆ. ಕಡತಗಳ ಮೇಲೆ ನಾನೇ ಅಂಥ ಷರಾ ಬರೆದದ್ದುಂಟು. ಇಂದು ಆ ಷರಾ ಸರಿಯೆನಿಸುವುದಿಲ್ಲ. ಇಲ್ಲಿ ಬೇಕಿರುವುದು ಕೋಟಿಗಳ ಕಟ್ಟಡವಲ್ಲ. ಒಂದು ವೇಳಾಪಟ್ಟಿ, ಅದನ್ನು ವರ್ಷವೂ ತಪ್ಪದೆ ಪಾಲಿಸುವ ಮನಸ್ಸು. ನಿಯತವಾಗಿ ನಡೆಯುವ ಸ್ಪರ್ಧೆಯಿದ್ದರೆ ಮಗನನ್ನು ಗುಳೆಗೆ ಕರೆದೊಯ್ಯುವ ಮುನ್ನ ತಂದೆ ಒಮ್ಮೆ ಯೋಚಿಸಿಯಾನು. ವಸತಿನಿಲಯದ ತರಬೇತುದಾರನ ಕಣ್ಣಿಗೆ ಆ ಹುಡುಗ ಬಿದ್ದಾನು.

ಆ ಜಾತ್ರೆಯ ಬಾಲಕನಿಗೆ ಈಗ ನಲವತ್ತೈದರ ಹತ್ತಿರವಿರಬೇಕು. ಅವನು ಚಾಂಪಿಯನ್ ಆಗುತ್ತಿದ್ದನೆಂದು ನಾನು ಹೇಳಲಾರೆ. ಅದನ್ನು ತಿಳಿಯಲು ಅವನಿಗೂ ನಮಗೂ ಇನ್ನೊಂದು ಓಟ ಬೇಕಿತ್ತು. ಅವನ ಮಕ್ಕಳ ಕಾಲಕ್ಕಾದರೂ ಅದು ಒದಗಲಿ.