ಈಸಾಕ ಹೊಂಟ ಮಗುವಿಗೆ ಎಂಥ ಬಟ್ಟೆ?

ಬೇಸಿಗೆ ರಜೆ ಬಂತೆಂದರೆ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮಕ್ಕಳನ್ನು ಈಜಿಗೆ ಹಾಕುವ ಮಾತು ಶುರುವಾಗುತ್ತದೆ. ಹಿಂದಿನವರು ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು, ನಡುವಿಗೆ ಹಗ್ಗ ಬಿಗಿದು ಹೊಲದ ಬಾವಿಗೆ ಇಳಿಯುತ್ತಿದ್ದರು. ಮೈಮೇಲೆ ಇರುತ್ತಿದ್ದದ್ದು ಒಂದು ಲಂಗೋಟಿ. ಈಗ ಕೊಳವಿದೆ, ಕಲಿಸುವವರಿದ್ದಾರೆ, ಬೆಳಗಿನ ಬ್ಯಾಚು, ಸಂಜೆಯ ಬ್ಯಾಚು ಎಲ್ಲ ಇವೆ. ಬಟ್ಟೆಯ ವಿಷಯಕ್ಕೆ ಬಂದರೆ ಮಾತ್ರ ಅಕ್ಕಪಕ್ಕದವರು ಹೇಳಿದ್ದೇ ಆಧಾರ. ಮೈಗೆ ಅಂಟಿರಬೇಕು, ಬಟ್ಟೆ ಕಡಿಮೆ ನೀರು ಹಿಡಿಯಬೇಕು ಎಂಬ ಲಂಗೋಟಿ ಕಾಲದ ಲೆಕ್ಕ ಇಂದಿಗೂ ಸರಿ. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ನೀರಿನೊಳಗಿದ್ದರೂ ಮಗು ದೂರದವರ ಕಣ್ಣಿಗೆ ಬೀಳಬೇಕು. ಎಷ್ಟು ಮೈ ಮುಚ್ಚಬೇಕು, ಎಷ್ಟು ರೊಕ್ಕ ಕೊಡಬೇಕು ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು. ಆದರೆ ಅಂಟಿರುವುದು, ನೀರು ಹಿಡಿಯದಿರುವುದು, ಕಣ್ಣಿಗೆ ಬೀಳುವುದು ಎಂಬ ಮೂರನ್ನು ಮರೆಸುವ ಮಾತುಗಳು ಬಹಳ ಓಡಾಡುತ್ತಿವೆ.

ತಪ್ಪು ಕಲ್ಪನೆ: “ಮನ್ಯಾಗಿನ ಬನಿಯನ್ನು, ಚಡ್ಡಿ ಸಾಕು. ಕಾಸ್ಟ್ಯೂಮ್ ಅನ್ನೂದು ಬರೇ ಷೋಕಿ.”

ವಾಸ್ತವ: ಬನಿಯನ್ನಿನ ಹತ್ತಿ ನೀರು ಕುಡಿಯುತ್ತದೆ. ನೀರಿನೊಳಗೆ ಇರುವಷ್ಟು ಹೊತ್ತು ಆ ಭಾರ ಮಗುವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಲ್ಲಿ ಕಾಡುವುದು ಸಡಿಲ ಬಟ್ಟೆಯ ಎಳೆತ. ಬನಿಯನ್ ಉಬ್ಬಿ ಕಂಕುಳಲ್ಲಿ ಸೇರಿಕೊಳ್ಳುತ್ತದೆ, ಕೈ ಬೀಸಿದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಕಲಿಯುವ ಮಗು ತನಗೆ ಈಸು ಬರುತ್ತಿಲ್ಲ ಎಂದುಕೊಳ್ಳುತ್ತದೆ. ಭಾರ ಗೊತ್ತಾಗುವುದು ಮೆಟ್ಟಿಲು ಹತ್ತಿ ಮೇಲೆ ಬರುವಾಗ. ಆಮೇಲೆ ಚಳಿ. ಬೇಸಿಗೆಯಲ್ಲೂ ಹುಬ್ಬಳ್ಳಿಯ ಬೆಳಗಿನ ಗಾಳಿಗೆ ತಂಪು ಇರುತ್ತದೆ. ಹಸಿ ಹತ್ತಿ ಮೈಗೆ ಅಂಟಿಕೊಂಡು ಆರುವಾಗ ಮೈಯ ಕಾವನ್ನೂ ಎಳೆದುಕೊಳ್ಳುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಗಟ್ಟಿ ನಡುಗುವ ಮಗು ಆ ದಿನ ಏನನ್ನೂ ಕಲಿಯದು.

ಮನೆಯ ಬಟ್ಟೆ ಬೇಡವೆಂದು ಕೊಳದವರು ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಹತ್ತಿಯ ನವಿರೆಳೆಗಳು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಸೋಪಿನ ಪುಡಿ, ಬಣ್ಣ, ಬೀದಿಯ ಧೂಳು ನೀರಿಗೆ ಸೇರುತ್ತವೆ. ಕೊಳ್ಳುವಾಗ ನೈಲಾನ್ ಇಲ್ಲವೇ ಪಾಲಿಯೆಸ್ಟರ್‌ಗೆ ಸ್ವಲ್ಪ ಹಿಗ್ಗುವ ಎಳೆ ಸೇರಿದ್ದನ್ನು ನೋಡಿ. ಹಿಗ್ಗುವ ಎಳೆಯನ್ನು ಕ್ಲೋರಿನ್ ತಿನ್ನುತ್ತದೆ. ತಿಂಗಳುಗಟ್ಟಲೆ ದಿನಾ ಹೋಗುವ ಮಗುವಿಗಾದರೆ, ಬಟ್ಟೆಯ ಲೇಬಲ್ಲಿನಲ್ಲಿ ಪಾಲಿಯೆಸ್ಟರ್ ಜೊತೆ ಪಿಬಿಟಿ (ಕ್ಲೋರಿನ್ ತಾಳಿಕೊಳ್ಳುವ ಎಳೆ) ಎಂದು ಬರೆದಿದ್ದರೆ ಹೆಚ್ಚು ದಿನ ಬಾಳುತ್ತದೆ.

ತಪ್ಪು ಕಲ್ಪನೆ: “ಒಂದ್ ಸೈಜ್ ದೊಡ್ಡದು ತಗೋರಿ, ಮುಂದಿನ ವರ್ಷಾನೂ ಬರ್ತೈತಿ.”

ವಾಸ್ತವ: ಶಾಲೆಯ ಸಮವಸ್ತ್ರಕ್ಕೆ ಸರಿಯಾದ ಈ ಲೆಕ್ಕ ಇಲ್ಲಿ ನಡೆಯದು. ಈಜುಬಟ್ಟೆ ನೀರಿಗೆ ಬಿದ್ದ ಮೇಲೆ ಇನ್ನಷ್ಟು ಸಡಿಲವಾಗುತ್ತದೆ. ಭುಜದ ಪಟ್ಟಿ ಜಾರುತ್ತದೆ, ಚಡ್ಡಿ ಇಳಿಯುತ್ತದೆ. ಒಂದು ಕೈ ಬಟ್ಟೆ ಹಿಡಿಯುವುದರಲ್ಲೇ ಇದ್ದರೆ ಈಸುವುದು ಹೇಗೆ? ದುರ್ಗದ ಬೈಲಿನಲ್ಲಾಗಲಿ ಕೊಪ್ಪಿಕರ್ ರಸ್ತೆಯಲ್ಲಾಗಲಿ, ಕೊಳ್ಳುವಾಗ ಮಗುವನ್ನು ಕರೆದುಕೊಂಡೇ ಹೋಗಿ. ಒಳಬಟ್ಟೆಯ ಮೇಲೆ ಹಾಕಿಸಿ ಎರಡೂ ಕೈ ಮೇಲೆತ್ತಿಸಿ, ಕುಕ್ಕರುಗಾಲಲ್ಲಿ ಕೂರಿಸಿ, ಬಗ್ಗಿಸಿ. ಕೆಂಪು ಗೆರೆ ಮೂಡುವಷ್ಟು ಬಿಗಿ ಬೇಡ, ಬೆನ್ನ ಹಿಂದೆ ಚೀಲದಂತೆ ಜೋತುಬೀಳುವುದೂ ಬೇಡ.

ತಪ್ಪು ಕಲ್ಪನೆ: “ಮೈ ತುಂಬ ಬಟ್ಟಿ ಹಾಕ್ಕೊಂಡ್ರ ಈಸು ಬರಂಗಿಲ್ಲ. ಅದಕ್ಕ ನಮ್ಮ ಹುಡುಗಿನ್ನ ಕಳಸಂಗಿಲ್ಲ.”

ವಾಸ್ತವ: ನನಗೆ ಹೆಚ್ಚು ಸಂಕಟ ಕೊಡುವ ಮಾತು ಇದು. ಹಳೇ ಹುಬ್ಬಳ್ಳಿಯಲ್ಲಿ ಮುಸ್ಲಿಮರ ಮನೆಗಳಲ್ಲೂ ಹಿಂದೂಗಳ ಮನೆಗಳಲ್ಲೂ ಒಂದೇ ಬಗೆಯ ಸಂಕೋಚವಿದೆ; ಅದು ತಪ್ಪೆಂದು ಹೇಳಲು ಯಾರಿಗೂ ಹಕ್ಕಿಲ್ಲ. ಆದರೆ ಬಟ್ಟೆಯ ಕಾರಣಕ್ಕೆ ಹುಡುಗಿ ಈಜು ಕಲಿಯದೆ ಉಳಿಯಬೇಕಾಗಿಲ್ಲ. ತುಂಬುತೋಳಿನ, ಕಣಕಾಲಿನವರೆಗೆ ಬರುವ ಕಾಸ್ಟ್ಯೂಮುಗಳು ಸಿಗುತ್ತವೆ. ಅವು ಈಜುಬಟ್ಟೆಯ ನೂಲಿನವೇ ಆಗಿದ್ದು, ಮೈಗೆ ಹೊಂದಿಕೊಂಡಿದ್ದರೆ ಕೈಕಾಲು ಆಡಿಸಲು ಅಡ್ಡಿಯಾಗುವುದಿಲ್ಲ. ಇಡೀ ಮೈ ಮುಚ್ಚುವ ಉಡುಪಿನಲ್ಲೇ 2008–09ರಲ್ಲಿ ವಿಶ್ವದಾಖಲೆಗಳ ಸರಮಾಲೆ ಬಂತು. ನೀರು ದಾಟದ ಆ ವಿಶೇಷ ಬಟ್ಟೆ ವೇಗಕ್ಕೆ ಅನ್ಯಾಯದ ನೆರವು ಕೊಡುತ್ತದೆಂದೇ 2010ರ ಜನವರಿಯಿಂದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿದರು. ಹೆಣ್ಣುಮಕ್ಕಳ ಕೊಳದ ಉಡುಪು ಭುಜದಿಂದ ಮೊಣಕಾಲಿನವರೆಗೆ ಮಾತ್ರ ಇರಬೇಕೆಂಬುದು ಸ್ಪರ್ಧೆಯ ನಿಯಮ, ಕಲಿಯುವವರಿಗೆ ಹಾಕಿದ್ದಲ್ಲ.

ಅಪಾಯವಿರುವುದು ಸಡಿಲ ಬಟ್ಟೆಯಲ್ಲಿ. ಚೂಡಿದಾರದ ಪೈಜಾಮದೊಳಗೆ ನೀರು ತುಂಬುತ್ತದೆ, ಮೇಲಂಗಿ ತೇಲಿ ಮುಖಕ್ಕೆ ಬರುತ್ತದೆ. ಓಢಣಿ, ಪರಕರ ಬೇಡವೇ ಬೇಡ. ತಲೆ ಮುಚ್ಚಬೇಕೆಂದರೆ ಕಾಸ್ಟ್ಯೂಮಿಗೇ ಹೊಂದಿದ ಟೊಪ್ಪಿಗೆ ಸಾಕು, ಕೊರಳಿಗೆ ಗಂಟು ಕಟ್ಟುವಂಥದ್ದು ಬೇಡ. ಹಣ ಕಟ್ಟುವ ಮೊದಲೇ ಕೊಳದವರಿಗೆ ಬಟ್ಟೆ ತೋರಿಸಿ, ಹೆಣ್ಣುಮಕ್ಕಳ ಬ್ಯಾಚು, ಕಲಿಸುವ ಹೆಣ್ಣುಮಗಳು ಇದ್ದಾರೆಯೇ ಎಂದು ಕೇಳಿ. ಹಲವು ಮನೆಯವರು ಒಟ್ಟಾಗಿ ಕೇಳಿದರೆ ಇಲ್ಲದ ಬ್ಯಾಚೂ ಆದೀತು.

ತಪ್ಪು ಕಲ್ಪನೆ: “ಬಣ್ಣ ಯಾವುದಾದ್ರೇನು? ಮಗಳಿಗೆ ನೀಲಿ ಅಂದ್ರ ಪ್ರೀತಿ.”

ವಾಸ್ತವ: ಅಂಗಡಿಯಲ್ಲಿ ಯಾರೂ ಹೇಳದ, ನನ್ನ ದೃಷ್ಟಿಯಲ್ಲಿ ಮೊದಲು ಹೇಳಬೇಕಾದ ವಿಷಯವಿದು. ಕೊಳದ ತಳ ಸಾಮಾನ್ಯವಾಗಿ ತಿಳಿನೀಲಿ ಹೆಂಚಿನದು. ಅದರ ಮೇಲೆ ತಿಳಿನೀಲಿ, ಬಿಳಿ, ಬೂದು ಬಟ್ಟೆಯ ಮಗು ಅಲೆಯೆದ್ದಾಗ ಕಣ್ಣಿಗೇ ಬೀಳುವುದಿಲ್ಲ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಸಮಯ ಸಾಲದು, ಕೂಗಲು ಉಸಿರೆಲ್ಲಿ? ಕೈ ಬೀಸಿ ಕರೆಯಲೂ ಆಗದು. ದಂಡೆಯಲ್ಲಿ ನಿಂತವರಿಗೆ ಉಳಿದಿರುವುದು ಕಣ್ಣೊಂದೇ. ಆ ಕಣ್ಣಿಗೆ ನೆರವಾಗುವುದು ಕಡುಕಿತ್ತಳೆ, ಹೊಳೆವ ಹಳದಿ, ಗಾಢ ಗುಲಾಬಿ. ಕೆರೆಯ ನೀರಿನಲ್ಲಂತೂ, ಅದು ಉಣಕಲ್ ಕೆರೆಯಂಥ ಹಸಿರು ನೀರಾಗಲಿ ಹಳ್ಳಿಯ ಕೆಮ್ಮಣ್ಣಿನ ನೀರಾಗಲಿ, ಕಪ್ಪು, ನೀಲಿ, ಹಸಿರು ಬಣ್ಣಗಳು ಕೈಯಳತೆಯ ಆಳದಲ್ಲೇ ಮಾಯವಾಗುತ್ತವೆ. ನೀಲಿಯನ್ನೇ ಹಟ ಹಿಡಿದ ಮಗುವಿಗೆ ಟೊಪ್ಪಿಗೆಯನ್ನಾದರೂ ಕಿತ್ತಳೆಯದು ಕೊಡಿಸಿ. ಬಣ್ಣ ಚೆನ್ನಾಗಿದೆಯೆಂದು ಕಣ್ಣು ಮಾತ್ರ ಬೇರೆ ಕಡೆ ತಿರುಗಬಾರದು.

ತಪ್ಪು ಕಲ್ಪನೆ: “ತೋಳಿಗೆ ಗಾಳಿ ಚೀಲ ಕಟ್ಟೇನಿ, ಇನ್ನ ಚಿಂತಿಲ್ಲ.”

ವಾಸ್ತವ: ಅದು ಜೀವ ಉಳಿಸುವ ಸಾಧನವಲ್ಲ. ಗಾಳಿ ಸೋರುತ್ತದೆ, ತೋಳಿನಿಂದ ಜಾರುತ್ತದೆ. ಜೊತೆಗೆ ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ಈಜಿಗೆ ಬೇಕಾದದ್ದು ಅಡ್ಡ ಮಲಗುವ ಭಂಗಿ. ಕಟ್ಟಿಕೊಂಡಿದ್ದರೂ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು.

ತಪ್ಪು ಕಲ್ಪನೆ: “ತಲಿಗೆ ಕೊಬ್ಬರಿ ಎಣ್ಣಿ ಹಚ್ಚಿ ಟೊಪ್ಪಿಗಿ ಹಾಕಿದ್ರ ಕೂದಲಿಗೆ ಏನೂ ಆಗಂಗಿಲ್ಲ.”

ವಾಸ್ತವ: ಟೊಪ್ಪಿಗೆಯೊಳಗೂ ನೀರು ಹೋಗುತ್ತದೆ. ಅದರ ಕೆಲಸ ಕೂದಲು ಕಣ್ಣಿಗೆ ಬೀಳದಂತೆ, ನೀರೆಳೆಯುವ ಜಾಲರಿಗೆ ಸಿಕ್ಕದಂತೆ ತಡೆಯುವುದು. ಎಣ್ಣೆ ಕೊಳದ ನೀರನ್ನು ಕೆಡಿಸುತ್ತದೆ, ಲ್ಯಾಟೆಕ್ಸ್ ಟೊಪ್ಪಿಗೆಯನ್ನೂ ಹಾಳುಮಾಡುತ್ತದೆ. ಇಳಿಯುವ ಮೊದಲು ತಲೆಯನ್ನು ಸಾದಾ ನೀರಿನಲ್ಲಿ ತೋಯಿಸಿದರೆ ಕೂದಲು ಹೀರುವ ಕ್ಲೋರಿನ್ ನೀರು ಕಡಿಮೆ. ಕೊಳದಲ್ಲಿ ಮೂಗಿಗೆ ಹೊಡೆಯುವ ವಾಸನೆ ನೀರು ಶುದ್ಧವಿದೆ ಎಂಬುದರ ಗುರುತೂ ಅಲ್ಲ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಾಸನೆಯದು. ಅದಕ್ಕೇ ಮೊದಲು ಮೈ ತೊಳೆಯಬೇಕು.

ತಪ್ಪು ಕಲ್ಪನೆ: “ನಮ್ಮ ಮಕ್ಕಳ ಬಣ್ಣಕ್ಕ ಬಿಸಲು ಏನೂ ಮಾಡಂಗಿಲ್ಲ.”

ವಾಸ್ತವ: ಕಪ್ಪು ಮೈಗೆ ಸ್ವಲ್ಪ ರಕ್ಷಣೆ ಇದೆ, ಪೂರ್ತಿ ಇಲ್ಲ. ಬಿಳಿ ಹತ್ತಿಯ ಟೀಶರ್ಟು ತೋಯ್ದರೆ ಬಿಸಿಲು ತಡೆಯುವ ಶಕ್ತಿ ಇನ್ನೂ ಇಳಿಯುತ್ತದೆ. ಯುಪಿಎಫ್ 50 ಎಂದು ಬರೆದ ತುಂಬುತೋಳಿನ ಈಜಂಗಿ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಒಳಬಿಡುತ್ತದೆ. ತೆರೆದ ಕೊಳವಾದರೆ ಬೆಳಿಗ್ಗೆ ಬೇಗ ಅಥವಾ ಸಂಜೆಯ ಬ್ಯಾಚು ಒಳ್ಳೆಯದು.

ತಪ್ಪು ಕಲ್ಪನೆ: “ತುಟ್ಟಿದು ತಗೊಂಡ್ರ ಲಗೂನ ಕಲೀತಾರ.”

ವಾಸ್ತವ: ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ್ದನ್ನು ನೋಡಿ, ಅಂಥದ್ದೇ ಉಡುಪು ಬೇಕೆಂದು ಮಕ್ಕಳು ಕೇಳುವುದು ಸಹಜ. ಆ ಬಿಗಿಯುಡುಪು ಸ್ಪರ್ಧೆಗೆಂದೇ ಇರುವುದು, ಕಲಿಯುವವರಿಗೆ ಬೇಕಿಲ್ಲ. ಉಳಿದ ರೊಕ್ಕದಲ್ಲಿ ಒಳ್ಳೆಯ ಗಾಗಲ್ ಕೊಡಿಸಿ: ಪಟ್ಟಿ ಹಾಕದೆ ಕಣ್ಣಿಗೆ ಮೆಲ್ಲಗೆ ಒತ್ತಿ ಬಿಟ್ಟರೆ ಕ್ಷಣಕಾಲ ಅಂಟಿ ನಿಲ್ಲಬೇಕು. ಬಟ್ಟೆ ಬಾಳುವುದು ನಾವು ನೋಡಿಕೊಳ್ಳುವುದರಲ್ಲಿದೆ. ನಳದ ನೀರು ದಿನಾ ಬಾರದ ಓಣಿಯಲ್ಲೂ ಅರ್ಧ ಬಕೀಟು ಸಾದಾ ನೀರು ಸಾಕು. ಕೂಡಲೇ ಅದ್ದಿ, ಹಿಂಡದೆ ಒತ್ತಿ, ನೆರಳಲ್ಲಿ ಒಣಗಿಸಿ.

ಉಡದಾರ, ಕೊರಳ ತಾಯಿತ, ಕಾಲ್ಗೆಜ್ಜೆಗಳ ಬಗ್ಗೆ ಒಂದೇ ಮಾತು. ತೆಗೆಯಬಹುದಾದದ್ದನ್ನು ತೆಗೆಯಿರಿ. ತೆಗೆಯಬಾರದೆಂಬ ನಂಬಿಕೆ ಇದ್ದರೆ ಉಡದಾರ ಬಟ್ಟೆಯೊಳಗೆ ಮೈಗೆ ಒತ್ತಿಕೊಂಡಿರಲಿ. ಕೊರಳ ದಾರ ಮಾತ್ರ ಎಲ್ಲಿಯಾದರೂ ಸಿಕ್ಕಿಕೊಂಡೀತು, ಅದನ್ನು ಮನೆಯಲ್ಲೇ ಬಿಡಿ.

ತಪ್ಪು ಕಲ್ಪನೆ: “ಕಾಸ್ಟ್ಯೂಮಿನಾಗ ಈಸು ಬಂತಂದ್ರ ಮುಗೀತು.”

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಆಕಸ್ಮಿಕವಾಗಿ ನೀರಿಗೆ ಬೀಳುವ ಮಗು ಮೈಮೇಲಿನ ಬಟ್ಟೆಯಲ್ಲೇ ಬೀಳುತ್ತದೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ನಮ್ಮ ಸುತ್ತಲಿನ ಹೊಲಗಳಲ್ಲೂ ಕೃಷಿಹೊಂಡಗಳಾಗಿವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆ ಜಾರುತ್ತದೆ, ಹತ್ತಲು ಹಿಡಿತ ಸಿಗದು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜು ಪರೀಕ್ಷೆಗೆ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಅಲ್ಲಿನ ಮಕ್ಕಳು ಉಟ್ಟ ಬಟ್ಟೆ, ಬೂಟುಗಳಲ್ಲೂ ಈಜಿ ತೋರಿಸಬೇಕು. ನಮ್ಮಲ್ಲೂ ಮಗುವಿಗೆ ಚೆನ್ನಾಗಿ ಈಸು ಬಂದ ಮೇಲೆ, ಕೊಳದವರ ಒಪ್ಪಿಗೆ ಪಡೆದು, ಒಗೆದ ಶರ್ಟು ಪ್ಯಾಂಟು ಹಾಕಿಸಿ, ಕಲಿಸುವವರು ನೀರಿನಲ್ಲಿ ಪಕ್ಕದಲ್ಲೇ ಇರುವಾಗ ಒಂದು ದಿನ ಅಂಗಾತ ತೇಲುವುದನ್ನೂ ದಂಡೆ ಮುಟ್ಟುವುದನ್ನೂ ಕಲಿಸಬೇಕು. ಬ್ಯಾಚಿನ ಕೊನೆಯ ವಾರ ಬರುವ ಮೊದಲೇ ಇದರ ಬಗ್ಗೆ ತರಬೇತುದಾರರನ್ನು ಕೇಳಿಟ್ಟುಕೊಳ್ಳಿ.